ಎಡಬದಿಯ ಹಿಂದಿನ ಬಾಗಿಲು

“ಈ ಟಕ್ ಟಕ್ ಎಲ್ಲಿಂದ ಬರ್ತಿದೆ?”

ಕಿವಿಯಕ್ಕ ಇದನ್ನು ಯಾರನ್ನೂ ಕೇಳಿದ್ದಲ್ಲ. ಕಾರ್ಖಾನೆಯ ಗೇಟಿನ ಒಳಗೆ, ನೀರು ಕಂಡು ವರ್ಷಗಳಾಗಿದ್ದ ಕಾರಂಜಿಯ ಪಕ್ಕದಲ್ಲಿ, ಊಟದ ಡಬ್ಬಿ ಹಿಡಿದು ನಿಂತಿದ್ದಳು. ಬೂದು ಬಣ್ಣದ ಸರ್ಕಾರಿ ಕಾರೊಂದು ಗೇಟಿನ ಹಂಪು ಹತ್ತಿಳಿದು ಅವಳ ಮುಂದೆ ಆಗಷ್ಟೇ ಹಾದುಹೋಗಿತ್ತು. ಸುತ್ತಲಿದ್ದವರೆಲ್ಲ ಒಳಗೆ ಕೂತವರ ಮುಖ ನೋಡಲು ಕತ್ತು ಉದ್ದ ಮಾಡಿದರೆ, ಇವಳೊಬ್ಬಳು ಕಣ್ಣು ಮುಚ್ಚಿಕೊಂಡಿದ್ದಳು.

“ಹಿಂದಿನ ಬಾಗಿಲು. ಎಡಗಡೆ,” ಎಂದು ತನಗೆ ತಾನೇ ಉತ್ತರ ಹೇಳಿಕೊಂಡು ಕಣ್ಣು ಬಿಟ್ಟಳು.

ಅದು ಹೊರದೇಶದ ಕಾರಾಗಿದ್ದರೆ ಅವಳು ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದಳೇನೋ. ಆದರೆ ಅದು ಇದೇ ಕಾರ್ಖಾನೆಯ ಹಳೆಯ ಮಾದರಿ. ಏಳು ವರ್ಷದ ಹಿಂದೆ ಸರ್ಕಾರಿ ಕಚೇರಿಗಳಿಗೆಂದೇ ಕಟ್ಟಿ ಕಳಿಸಿದ್ದು. ಅಂದಮೇಲೆ ಆ ಬಾಗಿಲು ತನ್ನ ಕೈ ದಾಟಿಯೇ ಹೊರಗೆ ಹೋಗಿದೆ. ಪಾಸ್ ಮಾಡಿದವಳೂ ತಾನೇ.

ಅವಳಿಗೆ ಆ ಹೆಸರು ಬಂದದ್ದೇ ಬಾಗಿಲುಗಳಿಂದ. ಮೂವತ್ತೊಂದು ವರ್ಷದಿಂದ ಲೈನಿನ ತುದಿಯಲ್ಲಿ ನಿಂತು ಅವಳು ಮಾಡುತ್ತಿದ್ದದ್ದು ಇಷ್ಟೇ: ಸಿದ್ಧವಾಗಿ ಬಂದ ಕಾರಿನ ನಾಲ್ಕು ಬಾಗಿಲು, ಡಿಕ್ಕಿ, ಬಾನೆಟ್ ಒಂದೊಂದನ್ನೇ ತೆರೆದು ಮುಚ್ಚಿ ಕೇಳುವುದು. ಸದ್ದು ಸರಿಯಿದ್ದರೆ ಒಳ ಅಂಚಿಗೆ ಹಸಿರು ಸೀಮೆಸುಣ್ಣದ ಗೀಟು. ಇಲ್ಲದಿದ್ದರೆ ಕಾರು ಬಂದ ದಾರಿಗೇ ವಾಪಸ್ಸು. ಇದನ್ನು ಅವಳಿಗೆ ಯಾರೂ ಕಲಿಸಿದ್ದಿಲ್ಲ. ಚಿಕ್ಕವಳಿದ್ದಾಗ ಅಪ್ಪ ಸಂಜೆ ಹೊತ್ತು ದೀಪ ಹಚ್ಚಿಟ್ಟು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಗೋಡೆಗೆ ಒರಗಿ ಕೂತ ಹುಡುಗಿಗೆ ಅರ್ಥ ಗೊತ್ತಾಗುತ್ತಿದ್ದದ್ದು ಅಷ್ಟಕ್ಕಷ್ಟೇ, ಆದರೆ ಎಲ್ಲಾದರೂ ಒಂದು ಮಾತ್ರೆ ಜಾರಿದರೆ ತಲೆ ತಾನಾಗಿ ಮೇಲೇಳುತ್ತಿತ್ತು. ಅಪ್ಪ ಅವಳ ತಲೆ ನೋಡಿ, ನಕ್ಕು, ಆ ಸಾಲನ್ನು ಮತ್ತೊಮ್ಮೆ ಸರಿಯಾಗಿ ಓದುತ್ತಿದ್ದರು. ಈಗಲೂ ಅಷ್ಟೇ. ಬೆಳಿಗ್ಗೆ ಮೊದಲ ಬಾಗಿಲಿಗೆ ಕೈ ಹಚ್ಚುವ ಮುನ್ನ ಒಂದು ಗಳಿಗೆ ದೇವರನ್ನು ನೆನೆದು, ಆಮೇಲೆ ಇಡೀ ದಿನ ಸಾಲು ಎಲ್ಲಿ ಜಾರುತ್ತದೆ ಎಂದು ಕಾಯುತ್ತಾಳೆ.

ಮನೆಯಲ್ಲಿ ಗಂಡನ ಕಥೆ ಬೇರೆ. ತಗಡು ಒತ್ತುವ ಯಂತ್ರದ ಬುಡದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ಕೂಗಿದರೂ ಅರ್ಧ ಕೇಳಿಸುವುದಿಲ್ಲ. “ಇಬ್ಬರಿಗೂ ಸೇರಿ ಎರಡು ಕಿವಿ ಸಾಕು ಬಿಡೇ. ಅವೆರಡೂ ನಿನ್ನ ಹತ್ತಿರಾನೇ ಇವೆಯಲ್ಲ,” ಎನ್ನುತ್ತಾನೆ.

ಆ ದಿನ ಬಂದಿದ್ದವರು ಸಚಿವಾಲಯ ಕಳಿಸಿದ ಅಧಿಕಾರಿ. ದೇಶದ ಸ್ವಂತ ಕಾರು ಅಂತ ಇದ್ದದ್ದು ಇದೊಂದೇ. ಹೊರಗಿನ ಕಾರುಗಳು ಹಡಗುಗಟ್ಟಲೆ ಬಂದಿಳಿಯತೊಡಗಿದ ಮೇಲೆ ವಾರಕ್ಕೆ ಆರು ದಿನ ಓಡುತ್ತಿದ್ದ ಲೈನು ಮೂರು ದಿನಕ್ಕೆ ಇಳಿದಿತ್ತು. ಸರ್ಕಾರ ಕೈ ಹಿಡಿದರೆ ಹೊಸ ಯಂತ್ರ ಬರುತ್ತವೆ, ಮೂರು ವರ್ಷ ಸಂಬಳದ ಅರ್ಧ ಭಾರ ಅದೇ ಹೊರುತ್ತದೆ, ಕಚೇರಿಗಳೆಲ್ಲ ಇದೇ ಕಾರು ಕೊಳ್ಳುತ್ತವೆ. ಹಿಡಿಯದಿದ್ದರೆ ತಿಂಗಳ ಕೊನೆಗೆ ಗೇಟಿಗೆ ಬೀಗ. ಕಿವಿಯಕ್ಕನ ಮಗ ಎಂಜಿನ್ ವಿಭಾಗದಲ್ಲಿ, ಸೊಸೆ ಸೀಟು ಹೊಲಿಯುವಲ್ಲಿ, ಅವಳು ಬಾಗಿಲುಗಳ ಬಳಿ. ಬೀಗ ಬಿದ್ದರೆ ಆ ಮನೆಯಲ್ಲಿ ಒಂದೇ ಬೆಳಿಗ್ಗೆ ಮೂರು ಊಟದ ಡಬ್ಬಿ ಬೋರಲು ಬೀಳಬೇಕಿತ್ತು.

ಮ್ಯಾನೇಜರು ಬೆಳಗಿನಿಂದ ಮೂರು ಸಲ ಧ್ವನಿವರ್ಧಕದಲ್ಲಿ ಕೂಗಿ ಆಗಿತ್ತು. ಮನುಷ್ಯ ಒಳ್ಳೆಯವರೇ, ಆದರೆ ತಮ್ಮ ನೆರಳು ಅಲುಗಿದರೂ ಬೆವರುವ ಜಾತಿ.

“ಎಲ್ಲರೂ ಕೇಳಿಸ್ಕೊಳ್ಳಿ. ನಿಯಮ ಹದಿನಾಲ್ಕು. ಪರಿಶೀಲನೆಗೆ ಬಂದವರಿಗೆ ಉಡುಗೊರೆ, ಸೇವೆ, ಅನುಕೂಲ ಯಾವುದನ್ನೂ ಕೊಡೋ ಹಾಗಿಲ್ಲ. ಕೊಟ್ಟಿದ್ದು ಕಂಡರೆ ನಮ್ಮ ಅರ್ಜಿ ವಾಪಸ್. ಟೀ ಕೊಡಬೇಡಿ. ನೀರೂ ಕೊಡಬೇಡಿ. ನಗ್ತಾ ನಮಸ್ಕಾರ ಮಾಡಿ, ಅಷ್ಟೇ. ಅದೂ ಜಾಸ್ತಿ ನಗಬೇಡಿ.”

ಕ್ಯಾಂಟೀನಿನ ಅಡುಗೆಯವನು ಇದನ್ನು ಕೇಳಿ ಸೌಟು ಕೆಳಗಿಟ್ಟ. “ಬಾಗಿಲಿಗೆ ಬಂದವರಿಗೆ ನೀರು ಕೊಡಬೇಡ ಅಂದ್ರೆ ಅದೆಂಥ ಸಹಾಯಾನಪ್ಪಾ!” ಎಂದು ಕುದಿಯುತ್ತಿದ್ದ ಪಾತ್ರೆಗೇ ಬೈದ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಭುಜಕ್ಕೆ ತನ್ನದೇ ನೀರಿನ ಬಾಟಲಿ, ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಫೈಲು. ಹನ್ನೊಂದರ ಹೊತ್ತಿಗೆ ಲೈನಿನ ತುದಿಗೆ ಬಂದಳು. ಹಿಂದೆ ಮ್ಯಾನೇಜರು. ಕಿವಿಯಕ್ಕ ಒಂದು ನೀಲಿ ಕಾರಿನ ಮೂರು ಬಾಗಿಲಿಗೆ ಗೀಟು ಹಾಕಿ, ನಾಲ್ಕನೆಯದನ್ನು ಮುಚ್ಚಿ, ತಲೆಯಾಡಿಸಿ ವಾಪಸ್ಸು ಕಳಿಸಿದಳು.

“ನಂಗೇನೂ ಕೇಳಿಸಲಿಲ್ಲವಲ್ಲಮ್ಮ,” ಎಂದಳು ಅಧಿಕಾರಿ.

“ನಿಮಗೆ ಕೇಳಿಸಬಾರದು ಅಂತಾನೇ ತಾಯಿ ನಾನಿಲ್ಲಿ ನಿಂತಿರೋದು.”

ಅಧಿಕಾರಿಯ ತುಟಿ ಸ್ವಲ್ಪ ಅಲುಗಿತು. ಕೆಂಪು ಚೀಟಿ ಅಂಟಿಸಿದ್ದ ಪುಟ ತೆರೆದಳು. “ನಲವತ್ತೊಂದನೇ ಪ್ರಶ್ನೆ. ದೋಷ ಇರೋ ಕೆಲಸಾನ ಪಾಸ್ ಮಾಡು ಅಂತ ಮೇಲಿನವರೇ ಹೇಳಿದಾಗ, ಆಗಲ್ಲ ಅಂತ ಹೇಳಿದ್ದುಂಟಾ? ಒಂದು ಉದಾಹರಣೆ ಕೊಡಿ.”

ಅವಳ ಬೆನ್ನ ಹಿಂದೆ ಮ್ಯಾನೇಜರು ಕತ್ತು ಕಳಚಿ ಬೀಳುವಂತೆ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು. ಕಿವಿಯಕ್ಕ ಮೂವತ್ತೊಂದು ವರ್ಷವನ್ನೂ ಮನಸ್ಸಿನಲ್ಲೇ ಒಮ್ಮೆ ತಿರುವಿ ಹಾಕಿದಳು.

“ಇಲ್ಲಮ್ಮ.”

“ಒಂದು ಸಲಾನೂ?”

“ನಂಗೆ ಯಾರೂ ಹಾಗೆ ಹೇಳೇ ಇಲ್ಲ. ಹೇಳದೇ ಇರೋ ಮಾತಿಗೆ ಆಗಲ್ಲ ಅಂತ ಹೇಗೆ ಅನ್ನಲಿ?”

ಅಧಿಕಾರಿ ಪೆನ್ನಿನ ಕ್ಯಾಪು ಮುಚ್ಚಿದಳು. “ಹಿಂದಿನ ಸಲ ಸರ್ಕಾರ ಕೊಟ್ಟ ಸಹಾಯ ಏನಾಯ್ತು ಅಂತ ನಿಮಗೂ ಗೊತ್ತಿರುತ್ತೆ. ಗೇಟಿನ ಹತ್ತಿರ ಕಾರಂಜಿ ಕಟ್ಟಿಸಿದ್ರು. ಗೇರ್ ಬಾಕ್ಸ್ ಸರಿಯಿಲ್ಲ ಅಂತ ನೂರು ಜನಕ್ಕೆ ಗೊತ್ತಿತ್ತು, ಬೇಡ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಜನ ಹೊರಗಿನ ಕಾರು ಕೊಳ್ಳೋಕೆ ಶುರು ಮಾಡಿದ್ದೇ ಆವಾಗ. ಅದಕ್ಕೇ ಈ ಪ್ರಶ್ನೆ. ಬೆಳಗ್ಗಿಂದ ಎಲ್ಲರೂ ‘ಹೇಳ್ತೀವಿ ಮೇಡಂ’ ಅಂತಾರೆ. ಯಾವಾಗ ಹೇಳಿದ್ರಿ ಅಂದ್ರೆ ಚಾವಣಿ ನೋಡ್ತಾರೆ. ಇದೊಂದು ಖಾಲಿ ಉಳಿದ್ರೆ ಬಾಕಿದ್ದೆಲ್ಲ ತುಂಬಿಸಿಯೂ ಪ್ರಯೋಜನ ಇಲ್ಲ.”

ಆ ಪುಟ ಖಾಲಿ ಇದ್ದಂತೆಯೇ ಅವಳು ಮುಂದಕ್ಕೆ ಹೋದಳು. ಮ್ಯಾನೇಜರು ಹಿಂದುಳಿದು ಹಣೆ ಒರೆಸಿಕೊಂಡರು. “ಅಲ್ಲ ಅಕ್ಕ, ಒಂದು ಸಣ್ಣ ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಉದುರಿ ಹೋಗ್ತಿತ್ತಾ?”

“ಅಭ್ಯಾಸ ಇಲ್ಲ ಸಾರ್. ಮಧ್ಯೆ ತಡವರಿಸಿಬಿಟ್ಟಿದ್ರೆ ಇನ್ನೂ ಕೆಡ್ತಿತ್ತು.”

ಊಟದ ಹೊತ್ತಿಗೆ ಅವಳಿಗೆ ತುತ್ತು ಇಳಿಯಲಿಲ್ಲ. ಖಾಲಿ ಪುಟದ ಯೋಚನೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಆ ಟಕ್ ಟಕ್. ಅವಳ ಮೇಜಿನ ಒಂದು ತುದಿಯಲ್ಲಿ ತಿರುಪಣ್ಣ ಕೂತಿದ್ದ. ಬಾಗಿಲುಗಳಿಗೆ ಗಾಜು, ಕೀಲು, ಹಿಡಿಕೆ ಕೂರಿಸುವವನು. ಇನ್ನೊಂದು ತುದಿಯಲ್ಲಿ ಅವನ ಷಡ್ಡಕ. ತುಕ್ಕು ಹಿಡಿಯದ ಹಾಗೆ ಬಾಗಿಲಿನ ಒಳಗೆ ಮೇಣ ಹೊಡೆಯುವವನು. ಅಕ್ಕತಂಗಿಯರನ್ನು ಮದುವೆಯಾದ ಈ ಇಬ್ಬರು ಏಳು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಹತ್ತನೇ ನಂಬರಿನ ಒಂದು ಸ್ಪ್ಯಾನರು. ತಿರುಪಣ್ಣನ ಕೈಗೆ ಒಗ್ಗಿದ್ದ ಆ ಸ್ಪ್ಯಾನರು ಒಂದು ಮಧ್ಯಾಹ್ನ ಮಾಯವಾಗಿತ್ತು. ತನ್ನ ನಂತರ ಬಾಗಿಲು ಮುಟ್ಟುವವನು ಷಡ್ಡಕನೊಬ್ಬನೇ, ಹಾಗಾಗಿ ಕಳ್ಳನೂ ಅವನೇ ಎಂದು ಅವನ ತೀರ್ಮಾನ. ಅಂದಿನಿಂದ ಇಬ್ಬರ ಮಾತೆಲ್ಲ ಕಿವಿಯಕ್ಕನ ಮೂಲಕ.

“ಅಕ್ಕಾ, ಅವನಿಗೆ ಉಪ್ಪು ಬೇಕಾ ಕೇಳು,” ಎಂದ ತಿರುಪಣ್ಣ.

“ಬೇಡ ಅಂತ ಹೇಳಕ್ಕಾ. ಅವನ ಕೈ ಸೋಕಿದ ಉಪ್ಪು ನಂಗೆ ಬೇಡ.”

ಕಿವಿಯಕ್ಕ ಉಪ್ಪಿನ ಬಟ್ಟಲನ್ನು ತನ್ನ ಮುಂದೆಯೇ ಇಟ್ಟುಕೊಂಡು ತಿರುಪಣ್ಣನ ಕಡೆ ತಿರುಗಿದಳು. “ತಮ್ಮಾ, ನಿನ್ನ ಪೆಟ್ಟಿಗೆ ತಗೊಂಡು ನನ್ನ ಜೊತೆ ಬಾ. ಒಂದು ಬಾಗಿಲು ಕೆಮ್ತಾ ಇದೆ.”

ಅಲ್ಲಿಯೇ ಅವಳೂ ತಿರುಪಣ್ಣನೂ ಎಡವಿದ್ದು. ನಿಯಮ ಹದಿನಾಲ್ಕನ್ನು ಮೂರು ಸಲ ಕೇಳಿದ್ದರೂ ಇಬ್ಬರಿಗೂ ಅದು ನೆನಪೇ ಆಗಲಿಲ್ಲ. ಟೀ ಕೊಡುವುದು ಸೇವೆ, ನೀರು ಕೊಡುವುದು ಅನುಕೂಲ, ಅದೆಲ್ಲ ಸರಿ. ಆದರೆ ಸದ್ದು ಮಾಡುತ್ತಿರುವ ಬಾಗಿಲನ್ನು ಸುಮ್ಮನಾಗಿಸುವುದಕ್ಕೂ ಸೇವೆ ಎಂಬ ಹೆಸರಿದೆ ಅಂತ ಅವರಿಗೆ ಹೊಳೆಯುವುದಾದರೂ ಹೇಗೆ? ತಮ್ಮ ಮಗುವಿನ ಮೂಗು ಸೋರುತ್ತಿದ್ದರೆ ಯಾರೂ ಅರ್ಜಿ ಹಾಕಿ ಒರೆಸುವುದಿಲ್ಲ.

ಕಾರಿನ ಚಾಲಕ ಮುಂದಿನ ಸೀಟಿನಲ್ಲಿ ಮನೆಯಿಂದ ತಂದ ಬುತ್ತಿ ಬಿಚ್ಚಿಕೊಂಡಿದ್ದ. ಹಿಂದಿನ ಬಾಗಿಲಿನ ಮಾತು ಎತ್ತಿದ್ದೇ ತಡ, ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಐದು ವರ್ಷ ಆಯ್ತಕ್ಕಾ! ಒಬ್ಬ ರಬ್ಬರ್ ಬದಲಾಯಿಸಿದ. ಇನ್ನೊಬ್ಬ ಹತ್ತಿ ತುರುಕಿದ. ಮತ್ತೊಬ್ಬ ರೇಡಿಯೋ ಜೋರಾಗಿ ಹಾಕ್ಕೊಳ್ಳಿ ಅಂದ. ಮೇಡಂ ಸರಿಯಾಗಿ ಅದರ ಪಕ್ಕಾನೇ ಕೂರ್ತಾರೆ. ಹಂಪು ಬಂದಾಗಲೆಲ್ಲ ಕನ್ನಡಿಯಲ್ಲಿ ನನ್ನನ್ನೇ ನೋಡ್ತಾರೆ, ನಾನೇ ಒಳಗೆ ಕೂತು ಬಡೀತಿದೀನೇನೋ ಅನ್ನೋ ಥರ.”

ಕಿವಿಯಕ್ಕ ಬಾಗಿಲು ತೆರೆದು ಒಳ ಅಂಚನ್ನು ಬೆರಳಿನಿಂದ ಒರೆಸಿದಳು. ಧೂಳಿನ ಅಡಿಯಲ್ಲಿ ಹಸಿರು ಗೀಟಿನ ಸಣ್ಣ ಗುರುತು ಇನ್ನೂ ಇತ್ತು. ತನ್ನದೇ. “ದೇವರೇ,” ಎಂದುಕೊಂಡು ಬಾಗಿಲಿಗೆ ಕಿವಿ ಒತ್ತಿ, ಅದನ್ನು ಮೆಲ್ಲಗೆ ಅಲುಗಿಸಿದಳು. “ಗಾಜು ಇಳಿಯೋ ಹಳಿಯ ಹಿಂದೆ. ಕಬ್ಬಿಣದ್ದು. ಉದ್ದಕ್ಕಿದೆ.”

ತಿರುಪಣ್ಣ ಬಾಗಿಲಿನ ಒಳಮೈ ಮುಚ್ಚುವ ಪ್ಯಾಡ್ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿದ. ತಡಕಾಡಿದ. ಅವನ ಮುಖದ ಮೇಲೆ ಮೊದಲು ಅನುಮಾನ ಬಂತು, ಆಮೇಲೆ ಬಣ್ಣ ಹೋಯಿತು. ಹೊರಗೆ ಬಂದ ಕೈಯಲ್ಲಿ ಮೇಣ ಮೆತ್ತಿಕೊಂಡ ಒಂದು ಹತ್ತರ ಸ್ಪ್ಯಾನರು. ಹಿಡಿಯ ಮೇಲೆ ಅವನೇ ಗುರುತಿಗೆ ಕೊರೆದಿದ್ದ ಮೂರು ಗೀರು, ಒಂದು ಅಡ್ಡಗೀರು.

“ಅಕ್ಕಾ... ಇದು ನಂದು.”

ಹತ್ತು ಹೆಜ್ಜೆ ದೂರದಲ್ಲಿ, ನೋಡದವನಂತೆ ನೋಡುತ್ತ ನಿಂತಿದ್ದ ಷಡ್ಡಕನಿಗೆ ಇದು ಕೇಳಿಸಿತು. ಅವನು ನಿಧಾನವಾಗಿ ಬಂದ. ಸ್ಪ್ಯಾನರು ನೋಡಿದ. ತಿರುಪಣ್ಣನನ್ನು ನೋಡಿದ. ಏಳು ವರ್ಷದ ಮೇಲೆ ಮೊದಲ ಸಲ ನೇರವಾಗಿ ಬಾಯಿ ಬಿಟ್ಟ.

“ಕಳ್ಳ ಸಿಕ್ಕನಾ ಭಾವ?”

“ನೀನು ಸುಮ್ನಿರಯ್ಯಾ!” ತಿರುಪಣ್ಣ ಸ್ಪ್ಯಾನರನ್ನು ಅವನ ಮೂಗಿನ ಹತ್ತಿರ ಹಿಡಿದ. “ಇದರ ಮೇಲಿರೋ ಮೇಣ ಯಾರದ್ದು? ಬೀಳಿಸಿದ್ದು ನಾನು, ಒಪ್ಕೋತೀನಿ. ಮೇಲೆ ಮೇಣ ಹೊಡೆದು ಬಚ್ಚಿಟ್ಟಿದ್ದು ನೀನೇ ತಾನೇ?”

“ಕತ್ತಲು ಬಾಗಿಲಿನೊಳಗೆ ಸ್ಪ್ಯಾನರ್ ಮಲಗಿಸಿ ಹೋಗ್ತೀಯ ಅಂತ ಕನಸು ಬಿದ್ದಿತ್ತಾ ನಂಗೆ?”

“ಏಳು ವರ್ಷ ಕಣೋ! ನಿನ್ನ ಮಗಳ ಮದುವೇಲಿ ನಾನು ಊಟ ಮಾಡದೇ ಎದ್ದು ಬಂದಿದೀನಿ!”

“ಆ ಎಲೆಯ ಊಟಾನೂ ನಾನೇ ಮಾಡಿದೆ. ಚಿಂತೆ ಮಾಡಬೇಡ.”

ಚಾಲಕ ತುತ್ತು ಬಾಯಲ್ಲೇ ಇಟ್ಟುಕೊಂಡು ನಕ್ಕು ಕೆಮ್ಮಿದ. ಕಿವಿಯಕ್ಕ ಮಾತ್ರ ಸ್ಪ್ಯಾನರಿನ ಮೇಲಿನ ಮೇಣವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಒಂದು ಬದಿ ದಪ್ಪಗಿತ್ತು, ಇನ್ನೊಂದು ಬದಿ ಬಿಸಿಲಿಗೆ ಕರಗಿ ಬಿಟ್ಟುಕೊಂಡಿತ್ತು. ಅಂದರೆ ಅವಳ ಮುಂದೆ ಬಂದಾಗ ಇದು ಮೇಣದಲ್ಲಿ ಹೂತು ಬಾಯಿ ಮುಚ್ಚಿಕೊಂಡಿತ್ತು. ಒಂದೆರಡು ಬೇಸಿಗೆ ಕಳೆದ ಮೇಲೆ ಮಾತಾಡಲು ಕಲಿತಿದೆ. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಪ್ಯಾಡ್ ಕೂರಿಸಿದ ಮೇಲೆ ಅವಳು ಬಾಗಿಲು ಮುಚ್ಚಿದಳು. ಒಂದೇ ಸದ್ದು, ಸಾಲು ಮುಗಿಯಬೇಕಾದ ಕಡೆ ಮುಗಿದ ಹಾಗೆ. ಸೊಂಟದ ಚೀಲದಿಂದ ಸೀಮೆಸುಣ್ಣ ತೆಗೆದು, ಹಳೆಯ ಗೀಟಿನ ಪಕ್ಕದಲ್ಲಿ ಹೊಸದೊಂದು ಎಳೆದಳು.

ನಾಲ್ಕು ಗಂಟೆಗೆ ಅಧಿಕಾರಿ ಹೊರಟಳು. ಅವಳ ಫೈಲಿನಿಂದ ಕೆಂಪು ಚೀಟಿ ಹಾಗೇ ಇಣುಕುತ್ತಿತ್ತು. ಪಾಳಿ ಮುಗಿಸಿದ ಜನ ಗೇಟಿನ ಎರಡೂ ಕಡೆ ನಿಂತು, ಜಾಸ್ತಿಯಾಗದಂತೆ ನಕ್ಕು, ನಮಸ್ಕಾರ ಮಾಡಿದರು. ಕಾರು ಹಂಪು ದಾಟಿತು. ನಿಂತಿತು. ಹಿಂದಕ್ಕೆ ಬಂದು ಮತ್ತೆ ಹಂಪು ಹತ್ತಿ ಇಳಿಯಿತು. ಮತ್ತೆ ಮುಂದಕ್ಕೆ ಹೋಗಿ ದಾಟಿತು.

“ಏನಾದ್ರೂ ಮರೆತು ಹೋದ್ರಾ?” ಎಂದು ಯಾರೋ ಪಿಸುಗುಟ್ಟಿದರು.

ಎರಡನೆಯ ಸಲ ಹಿಂದಕ್ಕೆ ಬಂದ ಕಾರಿನಿಂದ ಅಧಿಕಾರಿ ಇಳಿದಳು. “ಈ ಬಾಗಿಲು ಮುಟ್ಟಿದ್ದು ಯಾರು?”

ಚಾಲಕ ತನ್ನ ಚಪ್ಪಲಿಯ ಉಂಗುಟ ನೋಡಿಕೊಂಡ. ನಿಯಮ ಹದಿನಾಲ್ಕು ಈಗ, ಬೇಡದ ಹೊತ್ತಿಗೆ, ಎಲ್ಲರಿಗೂ ನೆನಪಾಗಿತ್ತು. ಕಿವಿಯಕ್ಕ ಮುಂದೆ ಬಂದಳು.

“ನಾನಮ್ಮ.”

ಆಫೀಸಿನ ಮೆಟ್ಟಿಲು ಹಾರಿ ಓಡಿ ಬಂದ ಮ್ಯಾನೇಜರಿಗೆ ಉಸಿರೇ ಸಾಲದಾಯಿತು. “ಅಕ್ಕಾ! ನಾನು ಮೂರು ಸಲ ಹೇಳಿದ್ದು ಕೇಳಿಸಲಿಲ್ವಾ?”

“ಕೇಳಿಸ್ತು ಸಾರ್. ಆದ್ರೆ ಆಮೇಲೆ ಬಾಗಿಲು ಕೇಳಿಸಿಬಿಡ್ತು.”

“ಮೇಡಂ, ಒಂದು ಮಾತು,” ಎಂದು ತಿರುಪಣ್ಣ ನಡುವೆ ತೂರಿದ. ಅವನ ಕೈಯಲ್ಲಿ ಒರೆಸಿ ಹೊಳೆಯಿಸಿದ ಸ್ಪ್ಯಾನರಿತ್ತು. “ನಾವು ನಿಮಗೆ ಏನೂ ಕೊಟ್ಟಿಲ್ಲ. ಬೇಕಾದ್ರೆ ಇವನನ್ನ ಕೇಳಿ, ನನ್ನ ಷಡ್ಡಕ. ನಿಮ್ಮ ಕಾರಿಂದ ನಾವು ತಗೊಂಡಿದೀವಿ!”

“ಹೌದು ಮೇಡಂ,” ಎಂದ ಷಡ್ಡಕ ಗಂಭೀರವಾಗಿ. “ಇವನು ತಗೊಂಡಿದ್ದನ್ನ ನಾನೇ ಕಣ್ಣಾರೆ ನೋಡಿದೆ.”

“ಸರ್ಕಾರಿ ವಾಹನದಿಂದ ವಸ್ತು ತಗೊಂಡ್ರಾ? ಅದಕ್ಕೆ ಬೇರೆ ನಿಯಮ ಇದೆ,” ಎಂದಳು ಅಧಿಕಾರಿ. ನಗು ಬಾರದಿರಲೆಂದು ಅವಳು ಕೆನ್ನೆಯನ್ನು ಒಳಗಿಂದ ಕಚ್ಚಿಕೊಂಡಿದ್ದು ಹತ್ತಿರದಲ್ಲಿದ್ದ ಕಿವಿಯಕ್ಕನಿಗೆ ಕಂಡಿತು. ಆದರೆ ಮುಂದಿನ ಮಾತಿನಲ್ಲಿ ನಗುವಿರಲಿಲ್ಲ. “ಇದು ಸೇವೆಯೋ, ನೀವೇ ಮಾಡಿದ ತಪ್ಪನ್ನ ನೀವು ತಿದ್ದಿಕೊಂಡಿದ್ದೋ, ನಾನು ಯೋಚನೆ ಮಾಡಬೇಕು. ಸೇವೆ ಅಂತಾದ್ರೆ ನನ್ನ ಕೈಯಲ್ಲಿ ಏನೂ ಇಲ್ಲ.”

ಯೋಚನೆ ಎಂಬ ಮಾತು ಕೇಳಿದ್ದೇ ತಡ, ಮ್ಯಾನೇಜರು ಮುಂದೆ ನುಗ್ಗಿದರು. “ಯೋಚನೆ ಯಾಕೆ ಮೇಡಂ? ಹೇಗಿತ್ತೋ ಹಾಗೇ ಮಾಡಿಬಿಡ್ತೀವಿ. ಆವಾಗ ಸೇವೆಯ ಮಾತೇ ಇಲ್ಲ! ಏ ತಿರುಪಣ್ಣ, ಪ್ಯಾಡ್ ಬಿಚ್ಚು. ಸ್ಪ್ಯಾನರ್ ಒಳಗೆ ಹಾಕು.”

“ಸಾರ್, ಏಳು ವರ್ಷಕ್ಕೆ ಸಿಕ್ಕಿದೆ ಸಾರ್...”

“ಒಂಬೈನೂರು ಜನರ ಅನ್ನ ಕಣಯ್ಯಾ! ಹಾಕು.” ಮ್ಯಾನೇಜರು ಕಿವಿಯಕ್ಕನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. “ಅಕ್ಕ, ನಿಮ್ಮ ಗೀಟಿಲ್ಲದೆ ಈ ಗೇಟಿಂದ ಒಂದು ಬಾಗಿಲೂ ಹೊರಗೆ ಹೋಗಿಲ್ಲ. ಇದೊಂದನ್ನ ಟಕ್ ಟಕ್ ಅನ್ನೋ ಹಾಗೇ ಪಾಸ್ ಮಾಡಿಬಿಡಿ. ನಾನು ಹೇಳ್ತಿದೀನಿ. ನಾಳೆ ಇದಕ್ಕೆ ನಾನೇ ಜವಾಬ್ದಾರಿ.”

ತಿರುಪಣ್ಣ ಸ್ಪ್ಯಾನರನ್ನು ಎದೆಗೆ ಒತ್ತಿ ಹಿಡಿದು ಕಿವಿಯಕ್ಕನ ಮುಖ ನೋಡಿದ. ಗುಂಪಿನಲ್ಲಿ ಅವಳ ಮಗ, ಸೊಸೆ ನಿಂತಿದ್ದರು. ಸೊಸೆಯ ಕೈಯಲ್ಲಿ ಮೂರು ಡಬ್ಬಿಯ ಚೀಲ. ಕಿವಿಯಕ್ಕ ಆ ಚೀಲವನ್ನು ನೋಡಿದಳು, ಆಮೇಲೆ ಬಾಗಿಲನ್ನು. ಎರಡು ಹಸಿರು ಗೀಟು ಅಕ್ಕಪಕ್ಕ ಕೂತಿದ್ದವು. ಮ್ಯಾನೇಜರಿನ ಬೆನ್ನ ಹಿಂದೆ ಅಧಿಕಾರಿ ಸದ್ದಿಲ್ಲದೆ ಕಾರಿನೊಳಗೆ ಬಾಗಿ ಫೈಲು ತೆಗೆದಳು, ಕೆಂಪು ಚೀಟಿಯ ಖಾಲಿ ಪುಟ ಬಿಡಿಸಿದಳು. ಪೆನ್ನಿನ ಕ್ಯಾಪು ಬಿಚ್ಚಿದ ಸಣ್ಣ ಸದ್ದು ಅಷ್ಟು ಜನರಲ್ಲಿ ಒಬ್ಬಳ ಕಿವಿಗೆ ಮಾತ್ರ ಬಿತ್ತು. ಅದು ಯಾಕೆಂದು ಯೋಚಿಸುವ ವ್ಯವಧಾನ ಆ ಹೊತ್ತಿನಲ್ಲಿ ಅವಳಿಗಿರಲಿಲ್ಲ.

“ಇಲ್ಲ ಸಾರ್,” ಎಂದಳು ಕಿವಿಯಕ್ಕ. “ಅದು ಮಾತ್ರ ಆಗಲ್ಲ.”